ತಾಂಬೂಲದ ತಟ್ಟೆಯಲ್ಲಿ ವಿಟಮಿನ್

ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದೆ. ತಲೆ ಗೋಡೆಗೆ ಬಡಿಯಿತು. ರಕ್ತ ಬರಲಿಲ್ಲವಾದ್ದರಿಂದ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಕನ್‌ಕಷನ್, ಮೆದುಳಿಗೆ ಒಳಪೆಟ್ಟು ಎಂದವರು ಡಾಕ್ಟರು. "ರೆಸ್ಟೇ ಮುಖ್ಯ ಅಮ್ಮ. ವಿಟಮಿನ್ ಮಾತ್ರೆ ಸ್ವಲ್ಪ ಸಹಾಯ ಮಾಡ್ಬಹುದು, ಗ್ಯಾರಂಟಿ ಕೊಡೋಕಾಗಲ್ಲ" ಎಂದರು.

ಎನ್.ಆರ್. ಕಾಲೋನಿಯ ನಮ್ಮ ಮನೆಯ ಹಜಾರದಲ್ಲಿ ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಪಾಠ ಮತ್ತೆ ಶುರುಮಾಡಿದರೆ, ವರ್ಷಗಟ್ಟಲೆ ಹಾಡಿದ ಕೃತಿಯ ಚರಣವೇ ನಡುವೆ ಕೈಕೊಡುತ್ತಿತ್ತು. ಕೆಮ್ಮಿ, ನೀರು ಕುಡಿದು ಹೇಗೋ ನಿಭಾಯಿಸುತ್ತಿದ್ದೆ. ಹಾಡೇ ಮರೆತುಹೋದೀತೆಂಬ ಭಯವನ್ನು ಹೇಳಿಕೊಂಡಿದ್ದು ಎದುರುಮನೆಯ ಗೆಳತಿಯ ಹತ್ತಿರ ಮಾತ್ರ. ಸ್ಕೂಲಿನಿಂದ ಜೊತೆಗಿದ್ದವಳು, ಗಂಡನಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಅವಳು ಆಗಷ್ಟೇ ಯಾವುದೋ ಕಂಪನಿಯ ವಿಟಮಿನ್ ಡಬ್ಬಿಗಳನ್ನು ಮನೆಯಿಂದಲೇ ಮಾರಲು ಹೊರಟಿದ್ದಳು. ಒಂದು ಡಬ್ಬಿ ತಂದುಕೊಟ್ಟು, "ತಗೋಳೆ, ನೀನು ಹುಷಾರಾದ್ರೆ ಅಷ್ಟೇ ಸಾಕು" ಎಂದಳು. ನನಗೆ ಕಣ್ಣು ತುಂಬಿ ಬಂತು.

ರೆಸ್ಟಿನಿಂದಲೋ ಮಾತ್ರೆಯಿಂದಲೋ, ಚರಣಗಳು ಒಂದೊಂದಾಗಿ ವಾಪಸು ಬಂದವು.

ಶ್ರಾವಣದ ಶುಕ್ರವಾರ ಅವಳ ಮನೆಯಲ್ಲಿ ಅರಿಶಿನ ಕುಂಕುಮ. ಕರೆದರೆ ಹೋಗದಿರುವ ಹಾಗಿಲ್ಲ. ಹಜಾರದ ತುಂಬ ಹೆಂಗಸರು. ನನ್ನ ಶಿಷ್ಯರ ತಾಯಂದಿರೂ ಇದ್ದರು. ದೇವರ ಮುಂದೆ ಹಾಡು ಹೇಳುವುದು ನನ್ನ ಪಾಲಿನ ಕೆಲಸ. ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಅವಳು ಎದ್ದು ನಿಂತಳು.

"ಇವ್ಳಿಗೆ ತಲೆಗೆ ಪೆಟ್ಟು ಬಿದ್ದು ಪಾಠದ ಮಧ್ಯದಲ್ಲೇ ಹಾಡು ಮರ್ತೋಗ್ತಿತ್ತು. ಮಕ್ಳಿಗೆ ಗೊತ್ತಾಗ್ಬಾರ್ದು ಅಂತ ಕೆಮ್ತಿದ್ಲಂತೆ, ಪಾಪ. ನಮ್ಮ ಮಾತ್ರೆ ತಗೊಂಡ್ಮೇಲೆ ಹೇಗೆ ಹಾಡ್ತಾಳೆ, ನೀವೇ ನೋಡಿ."

ಎದ್ದು ಬರಬಹುದಿತ್ತು. ಬಂದಿದ್ದರೆ ಮರೆತೇ ಹೋಗಿದೆ ಎನ್ನುತ್ತಿದ್ದರು. ಹಾಡಿದೆ. ಯಾರೂ ಹಾಡು ಕೇಳುತ್ತಿರಲಿಲ್ಲ, ಎಲ್ಲಿ ತಪ್ಪುತ್ತೇನೋ ಎಂದು ನನ್ನ ಬಾಯನ್ನೇ ನೋಡುತ್ತಿದ್ದರು. ತಪ್ಪಲಿಲ್ಲ. ಅವಳು ತಾಂಬೂಲದ ತಟ್ಟೆ ಹಿಡಿದು ಬಂದಳು. ವೀಳ್ಯದೆಲೆ, ತೆಂಗಿನಕಾಯಿಯ ಜೊತೆ ಎಲ್ಲರಿಗೂ ಮಾತ್ರೆಯ ಪುಟ್ಟ ಪೊಟ್ಟಣ. ಒಬ್ಬ ತಾಯಿ ಅದನ್ನು ಬ್ಯಾಗಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು. "ಇನ್ನಷ್ಟು ದಿನ ರೆಸ್ಟ್ ತಗೊಳ್ಳಿ ಮಿಸ್. ಅಲ್ಲೀವರ್ಗೂ ಮಗಳನ್ನ ಬೇರೆ ಕಡೆ ಕಳಿಸ್ತೀವಿ" ಎಂದರು.

ಚಪ್ಪಲಿ ಮೆಟ್ಟುವಾಗ ಗೆಳತಿ ಹಿಂದೆಯೇ ಬಂದಳು. "ಯಾಕೆ ಮುಖ ಊದಿಸ್ಕೊಂಡಿದೀಯ? ನಿನ್ನ ಬಗ್ಗೆ ಒಳ್ಳೇದೇ ಹೇಳಿದ್ನಲ್ಲ."

ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಸಿಟ್ಟು ನೆತ್ತಿಗೇರಿದ್ದು ಆಗ.

ಈಗಲೂ ಅಪರೂಪಕ್ಕೆ ಒಂದು ಸಾಲು ತಪ್ಪುತ್ತದೆ. ಆಗೆಲ್ಲ ಹೇಳಿಕೊಳ್ಳಲು ಎದುರುಮನೆಯ ಕಡೆಗೇ ಹೊರಡುತ್ತೇನೆ. ಗೇಟಿನವರೆಗೆ ಹೋಗಿ ವಾಪಸು ಬರುತ್ತೇನೆ.