ಲಾರಿಯ ಎಡಗಡೆಯ ದೀಪ

ಹುಮನಾಬಾದಿನ ನಮ್ಮ ಮನೆಯ ಕಿಟಕಿಯಲ್ಲಿ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಬಟ್ಟಲಿದೆ. ಬಟ್ಟಲು ಎಂದು ನಾವು ಕರೆಯುತ್ತೇವೆ, ನಿಜದಲ್ಲಿ ಅದು ಹಳೆಯ ಲಾರಿಯ ಇಂಡಿಕೇಟರಿನ ಮುಚ್ಚಳ. ಒಂದು ಮೂಲೆ ಸೀಳಿದೆ. ಅವ್ವ ಅದರಲ್ಲಿ ಪಿನ್ನು, ಗುಂಡಿ, ದಾರದ ತುಂಡು ಇಡುತ್ತಾಳೆ. ಎಷ್ಟು ಸಲ ತೊಳೆದರೂ ಅದರ ಒಳಗಿನ ಗೀರುಗಳಲ್ಲಿ ಡೀಸೆಲ್ ಮತ್ತು ಕೆಂಪು ಮಣ್ಣಿನ ವಾಸನೆ ಉಳಿದುಕೊಂಡಿದೆ. ಮಳೆ ಬಂದ ದಿನ ಆ ವಾಸನೆ ಸ್ವಲ್ಪ ಹೆಚ್ಚಾಗುತ್ತದೆ. ಬೆಳಗಿನ ಬಿಸಿಲು ಕಿಟಕಿಗೆ ಬಂದಾಗ ಗೋಡೆಯ ಮೇಲೆ ಅಂಗೈಯಗಲದ ಕಿತ್ತಳೆ ಬೆಳಕು ಬೀಳುತ್ತದೆ. ಅದನ್ನು ಕಂಡ ಕೂಡಲೇ, ಕೈಯಲ್ಲಿ ಯಾವ ಕೆಲಸವಿದ್ದರೂ, ನನ್ನ ಬಾಯಿಗೆ ಒಂದೇ ಮಾತು ಬರುತ್ತದೆ: ಹತ್ತಾಕತ್ತದ. ದೀಪ ಉರಿಯುತ್ತಿದೆ ಎಂದು. ಯಾರೂ ಕೇಳಿರುವುದಿಲ್ಲ, ಆದರೂ ಉತ್ತರ ಬರುತ್ತದೆ. ನಿಮ್ಮ ಮನೆಯಲ್ಲೂ ಇಂಥದೊಂದು ವಸ್ತು ಇದ್ದೀತು. ಕೇಳುವವರು ಹೋದ ಮೇಲೂ ನಿಮ್ಮಿಂದ ಉತ್ತರ ಪಡೆಯುವಂಥದು.

ಬಸವಕಲ್ಯಾಣದಲ್ಲಿ ನಮ್ಮ ಮನೆ ಊರ ಹೊರಗೆ, ರಾಜೇಶ್ವರದ ಕಡೆಗೆ ಹೋಗುವ ರಸ್ತೆಗೆ ಹತ್ತಿರವಿತ್ತು. ಎರಡು ಖೋಲಿ, ಒಂದು ಅಡುಗೆಮನೆ, ಮುಂದೆ ಮನೆಗಿಂತ ದೊಡ್ಡದಾದ ಅಂಗಳ. ಅಂಗಳ ಲಾರಿಗೆ, ಉಳಿದದ್ದು ನಮಗೆ. ಅಪ್ಪನದು ಒಂದೇ ಲಾರಿ. ಅವನೇ ಮಾಲಕ, ಅವನೇ ಡ್ರೈವರ್, ಕೆಟ್ಟರೆ ಅವನೇ ಮಿಸ್ತ್ರಿ. ತೊಗರಿ ತುಂಬಿಕೊಂಡು ಸೊಲ್ಲಾಪುರ, ಪುಣೆಯ ಕಡೆ ಹೋದರೆ ನಾಲ್ಕು ದಿನ, ಕೆಲವೊಮ್ಮೆ ಎಂಟು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಅವನು ಇಲ್ಲದಾಗ ಅಂಗಳದಲ್ಲಿ ಎಣ್ಣೆಯ ಕಲೆ ಮಾತ್ರ ಇರುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಆ ಕಲೆಯ ಮೇಲೆ ಯಾರೂ ಕಾಲಿಡದಂತೆ ನೋಡಿಕೊಳ್ಳುತ್ತಿದ್ದಳು. ಅದು ಲಾರಿಯ ಜಾಗ, ಅಲ್ಲಿ ಕೂಡಬಾರದು, ಕಾಳು ಒಣಗಿಸಬಾರದು ಎಂದು ಅವಳ ಕಟ್ಟಳೆ.

ಅಪ್ಪ ಹೊರಡುವ ಬೆಳಗಿನಲ್ಲಿ ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಚಹಾ ಕುಡಿದು ಅವನು ಮೇಲೆ ಹತ್ತಿ ಕೂತ ಮೇಲೆ ನಾವು ಮೂವರೂ ಲಾರಿಯ ಹಿಂದೆ ಹೋಗಿ ನಿಲ್ಲಬೇಕು. ಎಡಗಡೆಯ ದೀಪ ನನ್ನದು, ಬಲಗಡೆಯದು ಅವ್ವನದು, ನಡುವೆ ಮಣೆ ಹಾಕಿಕೊಂಡು ಕೂತ ಆಯಿಯದು ಬ್ರೇಕಿನ ಕೆಂಪು ದೀಪ. ಅಪ್ಪ ಒಳಗಿನಿಂದ ಒಂದೊಂದಾಗಿ ಹಚ್ಚಿ ಕೇಳುವನು, ನಾವು ಹೇಳುವೆವು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಲ್ಲುತ್ತಿದ್ದಳು. ರೊಟ್ಟಿ ಹೆಂಚಿನ ಮೇಲಿದ್ದರೆ ಅವಳಿಗೆ ಸಿಟ್ಟು. “ಹೆಂಡತಿ ಮಾತು ಒಂದೂ ಕೇಳಲಾರದಾಂವ, ಬಲ್ಬಿನ ಮಾತು ಮಾತ್ರ ದಿನಾ ಕೇಳ್ತಾನ” ಎನ್ನುವಳು. ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ದೀಪ ಹತ್ತಿದರೂ ಹತ್ತದಿದ್ದರೂ ಅವಳು ಹತ್ತಿದೆ ಎಂದೇ ಹೇಳುತ್ತಿದ್ದಳು. ಅಪ್ಪ ನಗುತ್ತ ಬ್ರೇಕಿನ ಮೇಲೆ ಕಲ್ಲಿಟ್ಟು, ಇಳಿದು ಬಂದು ತಾನೇ ನೋಡಿ ಹೋಗುತ್ತಿದ್ದ.

ಇದರಲ್ಲಿ ಆಯಿಯದೇ ಒಂದು ನಿಯಮವೂ ಸೇರಿತ್ತು. ದೇವರ ಮುಂದಿನ ದೀಪವನ್ನು ನಮ್ಮಲ್ಲಿ ಆರಿತು ಎನ್ನುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ಲಾರಿಯ ದೀಪಕ್ಕೂ ಅದೇ ಮರ್ಯಾದೆ ಸಲ್ಲಬೇಕು ಎಂದು ಅವಳ ಹಟ. “ಹೊರಡೂ ಹೊತ್ತಿನ್ಯಾಗ ಇಲ್ಲ ಅನಬ್ಯಾಡ್ರಿ, ಆರ್ಯಾದ ಅನಬ್ಯಾಡ್ರಿ. ಶಾಂತ ಅದ ಅನ್ರಿ” ಎಂದು ನಮಗೆ ಕಲಿಸಿದ್ದಳು. ಹಾಗಾಗಿ ನಮ್ಮ ಬಳಿ ಇದ್ದದ್ದು ಎರಡೇ ಉತ್ತರ. ಹತ್ತಾಕತ್ತದ ಎಂದರೆ ಅಪ್ಪ ಹೋಗುತ್ತಾನೆ. ಶಾಂತ ಅದ ಎಂದರೆ ಇಳಿದು ಬರುತ್ತಾನೆ. ಒಂಬತ್ತು ವರ್ಷದ ನನಗೆ ಇದು ಒಂದು ದಿನ ಹೊಳೆಯಿತು.

ಅಪ್ಪ ಎಂಟು ದಿನದ ಮೇಲೆ ಬಂದು ಒಂದೇ ದಿನ ಇದ್ದು ಮತ್ತೆ ಹೊರಟಿದ್ದ. ಎಡಗಡೆಯ ದೀಪ ನನ್ನ ಮುಖದ ಎದುರಿಗೇ ಚೆನ್ನಾಗಿ ಮಿಣುಕುತ್ತಿತ್ತು. ಅವನು ಕೇಳಿದ. ನಾನು ಶಾಂತ ಅದ ಎಂದೆ. ಅಪ್ಪ ಸ್ವಿಚ್ ಬಂದ್ ಮಾಡಿ, ಇಂಜಿನ್ ಬಂದ್ ಮಾಡಿ, ನಿಧಾನವಾಗಿ ಇಳಿದು ಬಂದ. ನನ್ನನ್ನು ಅವನು ತಂಗೆವ್ವ ಎಂದು ಕರೆಯುತ್ತಿದ್ದ. “ಬಾ ತಂಗೆವ್ವ, ನೋಡೂಣು” ಎಂದು ನನ್ನನ್ನೂ ಕುಕ್ಕರುಗಾಲಿನಲ್ಲಿ ಕೂಡಿಸಿಕೊಂಡ. ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಬಲ್ಬನ್ನು ತೆಗೆದು ಆಕಾಶಕ್ಕೆ ಹಿಡಿದು ಒಳಗಿನ ಎಳೆಯಷ್ಟು ತಂತಿ ತುಂಡಾಗಿದೆಯೋ ಇಲ್ಲವೋ ನೋಡುವುದನ್ನು ತೋರಿಸಿದ. ಹೋಲ್ಡರನ್ನು ಉಸುಕಿನ ಕಾಗದದಿಂದ ತಿಕ್ಕಿದ. ಆಮೇಲೆ ಲಾರಿಯ ಕೆಳಗೆ ನುಸುಳಿ, ಕ್ಯಾಬಿನ್ನಿನಿಂದ ಹಿಂದಿನವರೆಗೆ ಬರುವ ವೈರನ್ನು ಬೆರಳಿನಿಂದ ಸವರುತ್ತ ಬಂದ. ಕಬ್ಬಿಣಕ್ಕೆ ಉಜ್ಜಿ ವೈರು ಸವೆಯಬಾರದೆಂದು ಅವನು ಆಯಿಯ ಹಳೆಯ ಇಳಕಲ್ ಸೀರೆಯ ಅಂಚನ್ನು ಹರಿದು ಗೇಣಿಗೊಂದರಂತೆ ಕಟ್ಟಿದ್ದ. ಕೊನೆಗೆ ದೀಪದ ಹಿಂದಿನ ಒಂದು ಬೋಲ್ಟನ್ನು ತೋರಿಸಿ ಅದು ಅರ್ಥಿಂಗ್ ಎಂದ. “ಕರೆಂಟ್ ಹೋದರಷ್ಟ ಸಾಲೂದಿಲ್ಲ, ತಿರುಗಿ ಬರಾಕ ಹಾದಿ ಬೇಕು. ಅದು ಇಲ್ಲಂದ್ರ ದೀಪ ಹತ್ತೂದಿಲ್ಲ.” ಅಷ್ಟೊತ್ತಿಗೆ ಅವ್ವ ಎರಡನೆಯ ಸಲ ಚಹಾ ತಂದಳು. ಎಲ್ಲ ಜೋಡಿಸಿ ಅವನು ಮತ್ತೆ ಹಚ್ಚಿದಾಗ ನಾನು ಹತ್ತಾಕತ್ತದ ಎಂದು ಕೂಗಿದೆ. ಹೋಲ್ಡರಿಗೆ ಜಂಗು, ತುಕ್ಕು ಹಿಡಿದಿತ್ತು ನೋಡು ಎಂದು ಅಪ್ಪ ಹೇಳಿದ. ನನ್ನ ಸುಳ್ಳಿಗೆ ನಿಜವಾದ ಕಾರಣ ಸಿಕ್ಕಿತಲ್ಲ ಎಂದು ನನಗೆ ಬಹಳ ಆಶ್ಚರ್ಯವಾಯಿತು.

ಆ ವರ್ಷ ಇನ್ನೂ ಎರಡು ಸಲ ಹಾಗೆ ಮಾಡಿದೆ. ಪ್ರತಿ ಸಲವೂ ಒಂದಿಷ್ಟು ಜಂಗು, ಒಂದು ಸಡಿಲಾದ ಬೋಲ್ಟು ಸಿಕ್ಕಿತು.

ಮೂರನೆಯ ಸಲ ಆಯಿಗೆ ಜ್ವರವಿತ್ತು. ಮಣೆಯ ಮೇಲೆ ಬಂದು ಕೂಡಲು ಆಗಲಿಲ್ಲ, ಒಳಗೆ ಹಾಸಿಗೆಯಿಂದಲೇ ತನ್ನ ಪಾಲಿನ ಉತ್ತರ ಹೇಳಿದಳು. ಲಾರಿಯಲ್ಲಿ ಪುಣೆಗೆ ಹೋಗಬೇಕಾದ ತೊಗರಿ ತುಂಬಿತ್ತು. ನಾನು ಶಾಂತ ಅದ ಎಂದೆ. ಅಪ್ಪ ಆ ದಿನ ಬಹಳ ಹೊತ್ತು ವೈರು ಹುಡುಕಿದ. ನಡುವೆ ಕೈ ತೊಳೆದುಕೊಂಡು ಒಳಗೆ ಹೋಗಿ ಆಯಿಯ ಕಾಲು ಒತ್ತುತ್ತ ಕೂತ. ಅವಳು ಇವನ ಬಾಲ್ಯದ ಯಾವುದೋ ಕಥೆ ಹೇಳಿ ನಗುವುದು ಅಂಗಳಕ್ಕೆ ಕೇಳುತ್ತಿತ್ತು. ಊಟ ಮಾಡಿ, ಮಧ್ಯಾಹ್ನದ ಮೇಲೆ ಅವನು ಹೊರಟ. ಐದನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಯಿ ಹೋದಳು. ಕೊನೆಯ ತಾಸಿನಲ್ಲಿ ಅವಳು ಮಗನ ಹೆಸರನ್ನು ಎರಡು ಸಲ ಹೇಳಿದಳು. ಅಪ್ಪ ಬಂದದ್ದು ಅದೇ ದಿನ ಸರಿರಾತ್ರಿಗೆ. ಆಗ ಆಯಿಯನ್ನು ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ರಸ್ತೆಯಿಂದ ಅಂಗಳಕ್ಕೆ ತಿರುಗುವಾಗ ಹಾಕಿದ ಇಂಡಿಕೇಟರನ್ನು ಅವನು ಬಂದ್ ಮಾಡಿರಲಿಲ್ಲ. ಜನರೆಲ್ಲ ಒಳಗೆ ಅಳುತ್ತಿದ್ದರು. ನಾನು ಲಾರಿಯ ಹಿಂದೆ ನಿಂತಿದ್ದೆ. ಎಡಗಡೆಯ ದೀಪ ನನ್ನ ಎದುರಿಗೆ ಹತ್ತುತ್ತಲೇ ಇತ್ತು.

ಅರ್ಧ ದಿನ ಮೊದಲು ಹೊರಟಿದ್ದರೆ ಅರ್ಧ ದಿನ ಮೊದಲು ಬರುತ್ತಿದ್ದ. ಒಂಬತ್ತು ವರ್ಷದವಳ ಈ ಲೆಕ್ಕವನ್ನು ನಾನು ಮೂವತ್ತು ವರ್ಷ ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಹೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋಗಿ, ನೀರು ಬೇಕೇನಪ್ಪ ಎಂದು ಕೇಳಿ ತಿರುಗಿ ಬಂದಿದ್ದೇನೆ. ಆಯಿ ಹೋದ ಮೇಲೆ ನಾನು ಒಮ್ಮೆಯೂ ಸುಳ್ಳು ಹೇಳಲಿಲ್ಲ. ಅವನು ಕೇಳುವ ಮೊದಲೇ ಹತ್ತಾಕತ್ತದ ಎಂದು ಕೂಗಿಬಿಡುತ್ತಿದ್ದೆ. ಆದರೆ ಅಪ್ಪನಿಗೆ ಆಗಿನಿಂದ ಒಂದು ಹೊಸ ರೂಢಿ ಬಂತು. ನನ್ನ ಉತ್ತರ ಕೇಳಿದ ಮೇಲೂ “ಇನ್ನೊಮ್ಮೆ ನೋಡು ತಂಗೆವ್ವ, ಹತ್ತಾಕತ್ತದೇನು?” ಎನ್ನುತ್ತಿದ್ದ. ನಾನು ಮತ್ತೆ ಹತ್ತಾಕತ್ತದ ಎನ್ನುತ್ತಿದ್ದೆ. ಆಮೇಲೆ ಗೇರು ಬೀಳುತ್ತಿತ್ತು. ನನ್ನ ಮಾತಿನ ಮೇಲೆ ಅವನಿಗೆ ನಂಬಿಕೆ ಹೋಗಿದೆ ಎಂದುಕೊಂಡೆ. ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೂ ಹಾಗೆಯೇ ಅಂದುಕೊಂಡಿದ್ದೆ.

ಅಪ್ಪ ಹೋಗಿ ಈಗ ಒಂದೂವರೆ ವರ್ಷ. ಅವ್ವ ನನ್ನ ಬಳಿಗೆ ಬಂದಳು. ಬಸವಕಲ್ಯಾಣದ ಮನೆಯನ್ನು ಬೇರೆಯವರಿಗೆ ಕೊಟ್ಟೆವು. ಅವರು ಅಂಗಳದಲ್ಲಿ ಪಾಯ ತೋಡಬೇಕು, ಲಾರಿ ತೆಗೆಯಿರಿ ಎಂದು ಹೇಳಿಕಳಿಸಿದರು. ಗುಜರಿಯವರು ಎರಡು ಸಲ ಬಂದು ಚಕ್ರ ತಟ್ಟಿ ನೋಡಿ ಹೋಗಿದ್ದರು. ಅವ್ವ ಒಪ್ಪಲಿಲ್ಲ. ಅದು ತನ್ನ ಗಾಲಿಯ ಮೇಲೆ ಅಂಗಳ ದಾಟಬೇಕು, ಯಾರಾದರೂ ಹೊಡೆಯುವವರು ಒಯ್ಯಬೇಕು ಎಂದಳು. ಕೊನೆಗೆ ರಾಜೇಶ್ವರದ ಒಬ್ಬ ರೈತ ಮುಂದೆ ಬಂದ. ಇಂಜಿನ್ ಅವನಿಗೆ ಹಿಡಿಸಿತು. ಎಡಗಡೆಯ ಇಂಡಿಕೇಟರ್ ಹತ್ತುತ್ತಿರಲಿಲ್ಲ, ಬ್ರೇಕ್ ಒತ್ತಿದರೆ ಆ ಕಡೆಯ ಎಲ್ಲ ದೀಪಗಳೂ ಮಂಕಾಗಿ ಒಂದರೊಳಗೊಂದು ಸೇರಿದಂತೆ ಆಗುತ್ತಿದ್ದವು. ಹೀಗಿದ್ದರೆ ಫಿಟ್‌ನೆಸ್ ಪಾಸಾಗುವುದಿಲ್ಲ, ದೀಪ ಸರಿಮಾಡಿಸಿ ಕೊಟ್ಟರೆ ಒಯ್ಯುತ್ತೇನೆ, ಇಲ್ಲದಿದ್ದರೆ ಬೇಡ ಎಂದ.

ಹೋದ ತಿಂಗಳು ಅವ್ವನನ್ನೂ, ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ವೈರಿಂಗ್ ಕೆಲಸ ಮಾಡುವ ರಫೀಕ್ ಭಾಯಿಯನ್ನೂ ಕರೆದುಕೊಂಡು ಹೋದೆ. ನನಗಿಂತ ಐದಾರು ವರ್ಷ ದೊಡ್ಡವನು, ಮಾತು ಕಡಿಮೆ. ಅವನು ಹಿಂದೆ ಕೂತು ದೀಪ ಬಿಚ್ಚಿದ. ಒಳಗೆ ಕೂತು ಸ್ವಿಚ್ ಹಾಕಲು ಒಬ್ಬರು ಬೇಕಿತ್ತು. ನಾನು ಹತ್ತಿದೆ. ಆ ಸೀಟಿನಲ್ಲಿ ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೂತಿರಲಿಲ್ಲ. ಬಲಕ್ಕೆ ಹಾಕಿದಾಗ ಡ್ಯಾಶ್‌ಬೋರ್ಡಿನ ಕೆಳಗೆ ಟಿಕ್, ಟಿಕ್ ಎಂದು ನಿಧಾನವಾಗಿ ಸಪ್ಪಳ ಬಂತು. ಎಡಕ್ಕೆ ಹಾಕಿದೆ. ಅದೇ ಸಪ್ಪಳ ಗಾಬರಿಯಾದವರ ಎದೆಯಂತೆ ಬಡಬಡ ಓಡತೊಡಗಿತು. ಅದೂ ಕೆಟ್ಟಿದೆಯೇನೋ ಎಂದು ರಫೀಕ್ ಭಾಯಿಯನ್ನು ಕರೆದು ಕೇಳಿದೆ.

“ಅದು ಛಲೋ ಅದ ಅಕ್ಕಾ. ಹಿಂದ ಬಲ್ಬ್ ಹತ್ತಲಿಲ್ಲಂದ್ರ ಫ್ಲಾಷರ್ ಹಂಗ ಓಡ್ತದ. ಒಳಗ ಕುಂತಾಂವಗ ಕಿವಿಗೇ ಗೊತ್ತಾಗ್ತದ.”

ಹಾಗಾದರೆ ಹಿಂದೆ ನಿಂತು ನೋಡಿ ಹೇಳುವವರು ಬೇಡವೇ ಎಂದೆ.

“ಬ್ರೇಕಿಗೆ ಬೇಕ್ರಿ. ಇಂಡಿಕೇಟರಿಗೆ ಯಾಕ ಬೇಕು?”

ಫ್ಲಾಷರ್ ಹೊಸದೇ ಎಂದು ಕೇಳಿದೆ. ಅವನು ಬಗ್ಗಿ ನೋಡಿ, ಲಾರಿಯ ಜೊತೆಗೆ ಬಂದದ್ದೇ ಇದೆ, ಯಾರೂ ಮುಟ್ಟಿಲ್ಲ ಎಂದ. ನಾನು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತೆ. ಅಪ್ಪನ ಕೈ ತಾಗಿ ತಾಗಿ ಅದು ಒಂದು ಕಡೆ ನುಣ್ಣಗಾಗಿತ್ತು. ನಾನು ಶಾಂತ ಅದ ಎಂದ ಮೂರು ಬೆಳಗಿನಲ್ಲೂ ಇಲ್ಲಿ ಅವನ ಮೊಣಕಾಲಿನ ಹತ್ತಿರ ಟಿಕ್, ಟಿಕ್ ಎಂದು ನಿಧಾನವಾದ ಸಪ್ಪಳ ಬರುತ್ತಿತ್ತು. ಅದನ್ನು ಕೇಳಿಯೂ ಅವನು ಇಂಜಿನ್ ಬಂದ್ ಮಾಡಿ ಇಳಿದು ಬಂದಿದ್ದ. ಕೇಳಿಯೂ ಆಯಿಯ ಕಾಲು ಒತ್ತುತ್ತ ಕೂತಿದ್ದ. ಆಮೇಲಿನ ಎಷ್ಟೋ ವರ್ಷ, ಇನ್ನೊಮ್ಮೆ ನೋಡು ಎಂದು ಅವನು ಕೇಳಿದ್ದು ದೀಪವನ್ನಲ್ಲ, ಇಳಿದು ಬರಲು ಒಂದು ನೆಪವನ್ನು.

ಇಳಿದು ಬಂದು ಅವ್ವನಿಗೆ ಎಲ್ಲ ಹೇಳಿದೆ. ಮೂವತ್ತು ವರ್ಷದ್ದು ನಾಲ್ಕು ಮಾತಿನಲ್ಲಿ ಮುಗಿಯಿತು. ಲಾರಿಯ ಕೆಳಗಿದ್ದ ರಫೀಕ್ ಭಾಯಿಗೂ ಅದು ಕೇಳಿರಬೇಕು. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, ಲಾರಿಯ ಕೆಳಗಿನಿಂದ ರಫೀಕ್ ಭಾಯಿ ಎಳೆದು ತೋರಿಸಿದ ಮಸಿಯ ಚಿಂದಿಯನ್ನು ಕೈಗೆ ತೆಗೆದುಕೊಂಡಳು. ತಿಕ್ಕಿದಾಗ ಒಳಗೆ ಆಯಿಯ ಸೀರೆಯ ಕೆಂಪು ಅಂಚು ಕಂಡಿತು. ತಪ್ಪು ವೈರಿನಲ್ಲಿ ಇರಲಿಲ್ಲ. ಆ ಕಟ್ಟುಗಳ ಕೆಳಗೆ ವೈರು ಹೊಸದರಂತೆ ಇತ್ತು. ಅರ್ಥಿಂಗಿನ ಬೋಲ್ಟು ಜಂಗು ತಿಂದು ಹೋಗಿತ್ತು. ರಫೀಕ್ ಭಾಯಿ ಅದನ್ನು ಕೆರೆದು, ಬೇರೆ ಬೋಲ್ಟು ಹಾಕಿ, ಸೀಳಿದ ಹಳೆಯ ಮುಚ್ಚಳವನ್ನು ನನ್ನ ಕೈಗೆ ಕೊಟ್ಟು ಹೊಸದನ್ನು ಕೂಡಿಸಿದ.

ಸಂಜೆ ರಾಜೇಶ್ವರದ ರೈತ ಬಂದು ಅಂಗಳದ ಬಾಗಿಲಲ್ಲಿ ನಿಂತ. ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂದು ರಫೀಕ್ ಭಾಯಿ ಮೇಲೆ ಹತ್ತಿದ. ನಾವು ಹೇಳಿಕೊಳ್ಳದೆಯೇ ಹಿಂದೆ ಹೋಗಿ ನಿಂತೆವು. ನಾನು ಎಡಕ್ಕೆ, ಅವ್ವ ಬಲಕ್ಕೆ, ನಡುವೆ ಮಣೆಯಷ್ಟು ಜಾಗ ಬಿಟ್ಟು. ಅವನು ಎಡಗಡೆಯದನ್ನು ಹಚ್ಚಿ ಕೇಳಿದ. ನಾನು ಹತ್ತಾಕತ್ತದ ಎಂದೆ.

“ಬಲಕ ಅಮ್ಮಾ?”

ಬಲಗಡೆಯ ದೀಪ ಮಿಣುಕುತ್ತಿತ್ತು. ಅದರ ಕಿತ್ತಳೆ ಬೆಳಕು ಅವ್ವನ ಕೆನ್ನೆಯ ಮೇಲೆ, ಬಿಳಿ ಕೂದಲಿನ ಮೇಲೆ ಬೀಳುತ್ತ, ಮಾಯವಾಗುತ್ತ, ಮತ್ತೆ ಬೀಳುತ್ತ ಇತ್ತು. ಅವ್ವ ಅದನ್ನೇ ನೋಡುತ್ತ ನಿಂತಿದ್ದಳು.

“ಶಾಂತ ಅದ” ಎಂದಳು.

ಮೇಲೆ ರಫೀಕ್ ಭಾಯಿಯ ಕಿವಿಗೆ ಆ ನಿಧಾನವಾದ ಸಪ್ಪಳ ಕೇಳುತ್ತಿತ್ತು ಎಂದು ನನಗೆ ಗೊತ್ತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಒಮ್ಮೆ ಹಿಂದಕ್ಕೆ ನೋಡಿದ. ಆಮೇಲೆ ಇಂಜಿನ್ ಬಂದ್ ಮಾಡಿ, ಸ್ಕ್ರೂಡ್ರೈವರ್ ತೆಗೆದುಕೊಂಡು ನಿಧಾನವಾಗಿ ಕೆಳಗಿಳಿದ.