ಸಂಕ್ರಾಂತಿಯವರೆಗೆ ಹೆಸರಿಲ್ಲದ ಹಕ್ಕಿ

ಇಂದು ಬೆಳಿಗ್ಗೆ ಮೇಲಿನ ಮನೆಯ ಬಾಡಿಗೆದಾರರ ಸ್ಕೂಟರಿನ ಮೇಲೆ ಹೂವಿನ ಜೇನು ಹೀರುವ ಪುಟ್ಟ ಸೂರಕ್ಕಿಯೊಂದು ಕೂತು, ಕನ್ನಡಿಯೊಳಗಿನ ತನ್ನದೇ ಬಿಂಬದೊಡನೆ ಜಗಳ ತೆಗೆದಿತ್ತು. ಹಳದಿ ಹೊಟ್ಟೆ, ಕೊರಳಿನಿಂದ ಕೆಳಕ್ಕೆ ಒಂದೇ ಕರಿ ಗೀರು. ಅಪ್ಪ ನೆನಪಾದರು.

ಬ್ರಿಟಿಷರ ಕಾಲ, ನಾನಿನ್ನೂ ಚಿಕ್ಕವ. ಧಾರವಾಡದಲ್ಲಿ ಮಾಸ್ತರರಾಗಿದ್ದ ಅಪ್ಪನಿಗೆ ಹಕ್ಕಿಯ ಹುಚ್ಚು. ನಮ್ಮ ದಾಸವಾಳಕ್ಕೆ ಬರುವ ಮಿಂಚುವ ನೀಲಿಗಪ್ಪು ಗಂಡು ಸೂರಕ್ಕಿಯೂ ಅದರ ಹಳದಿ ಹೆಣ್ಣೂ ಅವರಿಗೆ ಚೆನ್ನಾಗಿ ಗೊತ್ತು. ಆ ವರ್ಷ ದಸರೆಯ ಹೊತ್ತಿಗೆ ಮಾತ್ರ ಈ ಗೀರಿನ ಹಕ್ಕಿ ಬಂತು. ಅವರ ಪುಸ್ತಕದಲ್ಲಿ ಅದರ ಚಿತ್ರವಿರಲಿಲ್ಲ. ಹೊಸ ಜಾತಿಯೆಂದು ಸಿದ್ಧವಾದರೆ ಕಂಡವನ ಹೆಸರೂ ಅದಕ್ಕೆ ಅಂಟಿಕೊಳ್ಳುತ್ತದೆ. ವರ್ಷವಿಡೀ ಅದೇ ಪಾಠ ಒಪ್ಪಿಸುವ ಮನುಷ್ಯನಿಗೆ ಅಂಥ ಆಸೆ ಹುಟ್ಟಿದರೆ ತಪ್ಪೇನು, ಹೇಳಿ? ಆದರೆ ಮುಂಬಯಿಯ ಪಕ್ಷಿಶಾಸ್ತ್ರದ ಪಂಡಿತರು ಬರೀ ಮಾತು ನಂಬುವವರಲ್ಲ. ಹಕ್ಕಿಯ ತೊಗಲೇ ಬೇಕು. ಉಳ್ಳಾಗಡ್ಡಿಯ ವಾಸನೆಗೂ ಮೂಗು ಮುರಿಯುವ ಮನೆತನದ ಅಪ್ಪ, ಮಿಶನ್ ಶಾಲೆಯ ಗೆಳೆಯರೊಬ್ಬರಿಂದ ಸಣ್ಣ ಬಂದೂಕು ತಂದರು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಬಸರಿ ಹೆಣ್ತಿ ಇದ್ದಾಂವ ಜೀವಾ ತಗೀಬಾರದು. ಆಕಿ ಹಡೀಲಿ, ಆಮ್ಯಾಲೆ ನಿನ್ನ ಹಕ್ಕಿ ನೋಡಿಕೋ."

"ಅಷ್ಟೊತ್ತಿಗೆ ಅದು ಹಾರಿಹೋದ್ರ, ಅವ್ವಾ?"

"ಹೋದ್ರ ಅದರ ಪುಣ್ಯ."

ಮಡಿ, ಶಕುನವೆಂದರೆ ನಗುತ್ತಿದ್ದ ಅಪ್ಪ ಅಂದು ನಗಲಿಲ್ಲ. ಹಿಂದೊಂದು ಕೂಸು ಕಳೆದುಕೊಂಡಿದ್ದ ನನ್ನ ತಾಯಿ ಒಳಗಿನಿಂದ ನೋಡುತ್ತಿದ್ದಳು. ಬಂದೂಕು ಅಟ್ಟ ಸೇರಿತು; ಅಪ್ಪ ದುರ್ಬೀನು ಹಿಡಿದು ಕಿಟಕಿಯಲ್ಲಿ ಕೂತರು. ಕೊಲ್ಲುವಂತಿಲ್ಲ ಎಂದಮೇಲೆ ದಿನಾ ನೋಡುವುದೊಂದೇ ಉಳಿಯಿತು. ಚಳಿ ಬಲಿತಂತೆ ಹಕ್ಕಿಯ ಹೊಟ್ಟೆಯ ಮೇಲೆ ಮಸಿ ಸಿಡಿದ ಹಾಗೆ ಕಪ್ಪು ಮೂಡಿತು, ಹಬ್ಬಿತು. ಸಂಕ್ರಾಂತಿಯ ಮುಂಜಾನೆ ತಂಗಿ ಹುಟ್ಟಿದಳೆಂದು ಅಜ್ಜಿ ಹೇಳಲು ಬಂದಾಗ ಅದು ಪೂರಾ ನೀಲಿಗಪ್ಪಾಗಿ ಬಿಸಿಲಿಗೆ ಮಿಂಚುತ್ತಿತ್ತು. ನಮ್ಮ ಹಳೆಯ ಗಂಡು ಸೂರಕ್ಕಿಯೇ. ಮರಿ ಮಾಡುವ ಕಾಲ ಮುಗಿದಾಗ ಬಣ್ಣ ಕಳಚಿಟ್ಟಿತ್ತು, ಈಗ ಮತ್ತೆ ಉಟ್ಟಿತ್ತು.

ಅಪ್ಪನಿಗೆ ಬೇಸರವಾಯಿತು, ಸುಳ್ಳೇಕೆ ಹೇಳಲಿ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಛಲೋ ಆತು. ಲಗೂನ ಹೆಸರಿಡಲಿಕ್ಕೆ ಹೋಗಿ ಒಂದು ಜೀವಾ ತಗೀತಿದ್ದೆ" ಎಂದರು.

ನನಗೂ ಅವರದೇ ಅವಸರದ ರೋಗ, ಆದರೆ ಮನುಷ್ಯರ ವಿಷಯದಲ್ಲಿ. ಮೇಲಿನ ಮನೆಗೆ ಬಂದ ಈ ಲೆಕ್ಚರರು ಎದುರಾದರೂ ಮಾತಾಡುವುದಿಲ್ಲವೆಂದು, ಮೊದಲ ದಿನವೇ ಅವರನ್ನು ಸೊಕ್ಕಿನವರ ಸಾಲಿಗೆ ಸೇರಿಸಿಬಿಟ್ಟಿದ್ದೆ. ಇಂದು ಅವರು ಕೀಲಿಕೈ ಹಿಡಿದು ಇಳಿದು ಬಂದರು. ಹಕ್ಕಿಯನ್ನು ಕಂಡು ಮೆಟ್ಟಿಲ ಮೇಲೆಯೇ ನಿಂತರು. ಕಾಲೇಜಿಗೆ ಹೊತ್ತಾಗುತ್ತಿದ್ದರೂ ಅದನ್ನು ಎಬ್ಬಿಸಲಿಲ್ಲ.

"ಯಾವ ಹಕ್ಕಿರಿ ಕಾಕಾ, ಇದು?" ಮೆಲ್ಲಗೆ ಕೇಳಿದರು.

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. "ಈಗ ಹೇಳಂಗಿಲ್ಲ," ಎಂದೆ. "ಸಂಕ್ರಾಂತಿಗೆ ಕುಸುರೆಳ್ಳಿಗೆ ಬರ್ರಿ. ಇಬ್ಬರೂ ಕೂಡಿ ನೋಡೋಣು."

ಅವರು ನಕ್ಕರು. ಆ ನಗುವನ್ನು ನಾನು ಇದುವರೆಗೆ ನೋಡಿರಲಿಲ್ಲ.