ಹನ್ನೊಂದು ಕಣ್ಣಿನವನು ಮತ್ತು ಅರ್ಧ ನಗು

ಆ ದಿನ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಬೇಕು. ಕ್ರಮ ತಪ್ಪಿದರೆ ನನ್ನ ತಪ್ಪನ್ನು ನಾನೇ ಸಣ್ಣದು ಮಾಡಿ ಬರೆದುಬಿಡುತ್ತೇನೆ ಎಂಬ ಅಂಜಿಕೆ ಇದೆ. ಆದರೆ ಮೊದಲು ಒಂದು ಧಾರಾವಾಹಿಯ ಸಂಗತಿ ಹೇಳಬೇಕು. ಅದಿಲ್ಲದೆ ಉಳಿದದ್ದು ತಿಳಿಯುವುದಿಲ್ಲ.

ನಾನೂ ನನ್ನ ತಮ್ಮನೂ ಅಕ್ಕಲಕೋಟದ ಹತ್ತಿರದ ನಮ್ಮ ಊರಲ್ಲಿ ಸಣ್ಣವರಿದ್ದಾಗ ರವಿವಾರ ಮುಂಜಾನೆ ಟಿ.ವಿ.ಯಲ್ಲಿ ಬಾಹ್ಯಾಕಾಶದ ಒಂದು ಕಥೆ ಬರುತ್ತಿತ್ತು. ಅದರಲ್ಲಿ ಬೇರೆ ಗ್ರಹದಿಂದ ಬಂದವನೊಬ್ಬನಿದ್ದ. ಕೊರಳ ಸುತ್ತ ಹನ್ನೊಂದು ಕಣ್ಣು. ಮೈ ಸುತ್ತಿಟ್ಟ ಕಂಬಳಿಯ ಹಾಗೆ. ಮಾತು ಬರುತ್ತಿದ್ದದ್ದು ಬಾಯಿಯಿಂದಲ್ಲ, ಮೊಣಕಾಲಿನಿಂದ. ಅವನು ಮೊಣಕಾಲು ಮಡಿಚಿದ ಕೂಡಲೇ ನಾವಿಬ್ಬರೂ ಚೀರಿ ಅವ್ವನ ಬಗಲಿಗೆ ಹೋಗಿ ಅಂಟಿಕೊಳ್ಳುತ್ತಿದ್ದೆವು. ಅವ್ವನಿಗೆ ಅವನ ಮೇಲೆ ಮರುಕ. "ಪಾಪ, ಹನ್ನೊಂದ ಕಣ್ಣಿಗೆ ಕಾಡಿಗಿ ಯಾರ ಹಚ್ಚಬೇಕು ಇವನ್ಗ? ಹಡದಾಕಿಗೆ ಅದ ದೊಡ್ಡ ಕೆಲಸ ಆಗಿರ್ಬೇಕು" ಅನ್ನುತ್ತಿದ್ದಳು.

ಈಗ ಅದೇ ಕಥೆಯನ್ನು ಹೊಸದಾಗಿ ತೆಗೆದಿದ್ದಾರೆ. ಫೋನಿನಲ್ಲಿ ಬರುತ್ತದೆ. ಎಲ್ಲ ನಿಜದ ಹಾಗೆ ಇರಬೇಕು ಎಂಬುದು ಹೊಸಬರ ಹಟ. ಹನ್ನೊಂದು ಕಣ್ಣಿನವನನ್ನು ತೆಗೆದುಹಾಕಿದ್ದಾರೆ. ಇದರಲ್ಲಿ ಬೇರೆ ಗ್ರಹದವರು ಮನೆಯ ಮಂದಿಯೊಳಗೇ ಬಂದು ಸೇರುತ್ತಾರೆ. ಅದೇ ಸೀರೆ, ಅದೇ ದನಿ. ಹಳೆಯ ನೆನಪುಗಳೂ ಹಾಗೇ ಇರುತ್ತವೆ. ಅವರನ್ನು ಹಿಡಿಯಲು ಒಂದೇ ಗುರುತು, ನಗುವಾಗ ಮುಖದ ಒಂದು ಬದಿ ಅಲುಗುವುದಿಲ್ಲ.

ನನಗೆ ಹೊಸದು ಹಿಡಿಸಿತ್ತು. ತಮ್ಮನಿಗೆ ಸಿಟ್ಟು ಬಂದಿತ್ತು. ಅವನು ಊರಲ್ಲಿ ಕುರಿ ಕಾಯುತ್ತಾನೆ, ಬೇವಿನ ಮರದ ಕೆಳಗೆ ಕೂತು ಫೋನ್ ನೋಡುತ್ತಾನೆ.

"ಅಕ್ಕಾ, ನಮ್ಮಾಂವ ಎಲ್ಲಿ ಹ್ವಾದಾ? ಇವ್ರು ನೋಡಿದ್ರ ನಮ್ಮೂರ ಪಂಚಾಯತಿ ಕ್ಲಾರ್ಕ ಇದ್ದಂಗ ಅದಾರ" ಅಂದ.

"ಕಂಬಳಿ ಸುತ್ಕೊಂಡಾಂವನ್ನ ಈಗ ಯಾರ ನಂಬ್ತಾರ? ನಂಬುವಂಗ ಇರಬೇಕಪ್ಪಾ."

"ನಂಬುವಂಗ ಇದ್ದದ್ದ ನೋಡಾಕ ನನಗ ಫೋನ್ ಯಾಕ ಬೇಕು? ಎದುರಿಗೆ ಕುರಿ ನಿಂತಾವ, ಒಂದಕ್ಕಿಂತ ಒಂದು ನಂಬುವಂಥಾವ."

ನಾನು ನಕ್ಕೆ. ನನ್ನ ಮಗಳಿಗೆ ಒಂಬತ್ತು ವರ್ಷ. ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊಸ ಧಾರಾವಾಹಿಯನ್ನು ತೋರಿಸಿದವಳು ನಾನೇ.

ಆಗ ಅವ್ವ ಸೊಲ್ಲಾಪುರದಲ್ಲಿ ನಮ್ಮ ಜೊತೆಗಿದ್ದಳು. ಮನೆಯಲ್ಲಿ ನಾವು ಮೂವರೇ. ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡ ಮರೆಯದಿರಲಿ ಎಂದು ಅವ್ವ ಮೊಮ್ಮಗಳ ಹತ್ತಿರ ಪ್ರತಿ ಮಾತನ್ನೂ ಎರಡು ಸಲ ಆಡುತ್ತಿದ್ದಳು, ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ. "ಯೇ ಬಾಳಾ, ಬಾ ಕೂಸ." "ಚಹಾ ಘೇ, ಚಹಾ ಕುಡಿ." ಮಗಳು ನನ್ನನ್ನು ಮಮ್ಮಿ ಎನ್ನುತ್ತಾಳೆ. ಅಜ್ಜಿಯನ್ನು, ನಮ್ಮ ಕಡೆ ಎಲ್ಲರೂ ಕರೆಯುವ ಹಾಗೆ, ಆಯಿ ಎನ್ನುತ್ತಾಳೆ. ಮರಾಠಿಯವರಿಗೆ ಆಯಿ ಅಂದರೆ ತಾಯಿ. ಇದು ಸೊಲ್ಲಾಪುರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ನಾನು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಟವೆಲ್ ನೇಯುವ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಅಂಚಿನ ಡಿಸೈನ್ ಮಾಡುತ್ತೇನೆ. ಕೆಲಸದ ಹೊತ್ತಿನಲ್ಲಿ ನಮ್ಮ ಫೋನುಗಳು ಸೂಪರ್‌ವೈಸರರ ಮೇಜಿನ ಮೇಲೆ ಇರುತ್ತವೆ. ಆ ದಿನ ಮಗಳ ಶಾಲೆಗೆ ಸೂಟಿ, ಅವಳೂ ಅವ್ವನೂ ಮನೆಯಲ್ಲಿದ್ದರು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಸೂಪರ್‌ವೈಸರರು ನಗುತ್ತ ಒಳಗೆ ಬಂದರು. ಮರಾಠಿಯವರು, ಒಳ್ಳೆಯ ಮನುಷ್ಯ.

"ಮ್ಯಾಡಂ, ತುಮಚಿ ಮುಲಗಿ ಭಾರಿ ಆಹೆ" ಎಂದು ಮಗಳನ್ನು ಹೊಗಳುತ್ತ ಶುರು ಮಾಡಿ, ನನಗಾಗಿ ತಮ್ಮ ಮುರುಕು ಕನ್ನಡಕ್ಕೆ ಬಂದರು. "ನಿಮ್ಮ ಮಗಳ ಫೋನ್ ಬಂದಿತ್ತು ನೋಡ್ರಿ. 'ಆಯಿ ಆಯಿ ನಾಹೀ' ಅಂತಾಳ. ಆಯಿ ಬದಲಿ ಆಗ್ಯಾಳ, ಅರ್ಧಾನೇ ನಗ್ತಾಳ ಅಂತ. ಆ ಧಾರಾವಾಹಿ ನಾನೂ ನೋಡ್ತೀನಿ. ನೀವು ಬ್ಯಾರೆ ಗ್ರಹದವ್ರು ಅಂತ ಈಗ ಗೊತ್ತಾತು. ಟೀ ಬ್ರೇಕಿನ್ಯಾಗ ಎಲ್ಲಿ ಹೋಗ್ತೀರಿ ಅಂತ ವಿಚಾರ ಮಾಡತಿದ್ದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಯಿ ಅಂದರೆ ನಾನು ಎಂದು ಅವರು ತಿಳಿದರು. ಅವರು ತಿಳಿದದ್ದನ್ನೇ ನಾನೂ ತಿಳಿದೆ. ನನ್ನ ಮನೆಯಲ್ಲಿ ಆ ಹೆಸರು ಯಾರದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಆ ಗಳಿಗೆಯಲ್ಲಿ ಅದು ನನ್ನ ತಲೆಗೆ ಬರಲಿಲ್ಲ. ಹುಡುಗಿ ಧಾರಾವಾಹಿಯ ಆಟ ಆಡುತ್ತಿದ್ದಾಳೆ ಎಂದುಕೊಂಡು ತಿರುಗಿ ಕೆಲಸಕ್ಕೆ ಕೂತೆ. ಅಂಚಿನಲ್ಲಿ ನವಿಲುಗಳ ಸಾಲೊಂದನ್ನು ಮುಗಿಸಿದೆ. ಆ ನವಿಲುಗಳ ಟವೆಲ್ ಆಮೇಲೆ ಪೇಟೆಗೂ ಬಂತು. ಅಂಗಡಿಯಲ್ಲಿ ಕಂಡರೆ ಈಗಲೂ ಆಚೆ ತಿರುಗಿ ಹೋಗುತ್ತೇನೆ.

ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಸೂಪರ್‌ವೈಸರರು ಮತ್ತೆ ಬಂದರು. ಈ ಸಲ ನಗುತ್ತಿರಲಿಲ್ಲ. ಫೋನನ್ನೇ ನನ್ನ ಕೈಗೆ ಕೊಟ್ಟರು. ತಮ್ಮ ಮಾತಾಡಿದ.

"ಅಕ್ಕಾ, ಅವ್ವನ ಸಲುವಾಗಿ ಫೋನ್ ಹಚ್ಚಿದ್ದೆ. ಕೂಸು ಎತ್ತೇತಿ. 'ಮಾಮಾ, ಆಯಿ ಅರ್ಧಾ ನಗ್ತಾಳ, ಎರಡ ಸಲ ಮಾತಾಡವಲ್ಲಳು' ಅಂತು. ಅವ್ವಗ ಏನೋ ಆಗೇತಿ. ನೀ ಮನಿಗೆ ಓಡು."

ನಾನು ಕುರ್ಚಿ ದೂಡಿ ಎದ್ದೆ. ಅವನು ಮುಂದುವರಿದ. "ಮತ್ತ ಹೊರಗಿಂದ ಚಿಲಕಾ ಹಾಕೀನಿ ಅಂತು."

ಕಾರ್ಖಾನೆಯಿಂದ ಮನೆಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ದಾರಿಯಲ್ಲಿ ಏನು ನೋಡಿದೆ ಎಂದು ನೆನಪಿಲ್ಲ. ಮಗಳು ಹೊರಗಿನ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಮುಂದಕ್ಕೆ ಊರಿ ಕೂತಿದ್ದಳು. ಒಳಗಿನಿಂದ ಯಾರಾದರೂ ದೂಡಿದರೆ ತಡೆಯುವವರು ಕೂರುವ ಹಾಗೆ.

"ಮಮ್ಮಿ, ತೆಗೀಬ್ಯಾಡ. ಅಕಿ ಆಯಿ ಅಲ್ಲ" ಅಂದಳು.

ಅವಳ ತೋಳು ಹಿಡಿದು ಸರಿಸಿ ಚಿಲಕ ತೆಗೆದೆ. ಅವ್ವ ಅಡುಗೆಮನೆಯಲ್ಲಿ ಜೋಳದ ಡಬ್ಬಿಗೆ ಒರಗಿ ಕೂತಿದ್ದಳು. ಚಹಾದ ಕಪ್ಪು ಉರುಳಿತ್ತು. ಬಲಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು, ಬೇರೆ ಯಾರೋ ತಂದು ಇಟ್ಟ ಸಾಮಾನಿನ ಹಾಗೆ. ನನ್ನನ್ನು ಕಂಡು ಅವ್ವ ನಕ್ಕಳು. ಎಡಗಡೆಯ ತುಟಿ ಏರಿತು. ಬಲಗಡೆಯದು ಇದ್ದಲ್ಲೇ ಇತ್ತು.

ನಿಜ ಹೇಳುತ್ತೇನೆ. ಒಂದು ಕ್ಷಣ, ಒಂದೇ ಕ್ಷಣ, ನಾನೂ ಹೊಸ್ತಿಲ ಆಚೆಗೆ ಹಿಂದಕ್ಕೆ ಸರಿದೆ.

ಲಕ್ವಾ ಹೊಡೆದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರರು ಕೇಳಿದ್ದು ಒಂದೇ ಪ್ರಶ್ನೆ, ಶುರುವಾದದ್ದು ಸರಿಯಾಗಿ ಎಷ್ಟಕ್ಕೆ? ರಕ್ತದ ಗಂಟು ಕರಗಿಸುವ ಇಂಜೆಕ್ಷನ್ನನ್ನು ಮೊದಲ ಕೆಲವು ತಾಸಿನೊಳಗೇ ಕೊಡಬೇಕು. ಹೊತ್ತು ಗೊತ್ತಿಲ್ಲದಿದ್ದರೆ ಕೊಡುವುದಿಲ್ಲ. ನನಗೆ ಹೊತ್ತು ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಡಾಕ್ಟರರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮರಾಠಿಯಲ್ಲಿ ಕೇಳಿದರು. ಅವಳು ಸಾಕ್ಷಿ ಹೇಳುವವರ ಹಾಗೆ ಒಂದೊಂದೇ ಹೇಳಿದಳು. ಹತ್ತೂವರೆಗೆ ಒಂದು ಕಂತು ಮುಗಿಯಿತು. ಆಯಿ ಚಹಾ ಘೇ, ಚಹಾ ಕುಡಿ ಅಂದಳು. ಆಗ ಅವಳು ಆಯಿಯೇ ಆಗಿದ್ದಳು. ಹತ್ತೂ ನಲವತ್ತಕ್ಕೆ ಕಪ್ಪು ಬಿತ್ತು. ನಾನೇ ಫೋನಿನಲ್ಲಿ ಹೊತ್ತು ನೋಡಿದ್ದೆ, ಅಂದಳು. ಆಯಿ ನಕ್ಕಳು. ಅರ್ಧಾ ನಕ್ಕಳು. ಆಮೇಲೆ ಕನ್ನಡದಲ್ಲಿ ಒಂದೇ ಸಲ 'ಕೂಸ' ಅಂದಳು. ಮರಾಠಿಯಲ್ಲಿ ಅನ್ನಲಿಲ್ಲ.

ಡಾಕ್ಟರರು ಎದ್ದು ನರ್ಸಿಗೆ ಕೈ ಮಾಡಿದರು. ಇಂಜೆಕ್ಷನ್ ಕೊಟ್ಟರು. ಒಂದು ತಾಸು ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ.

ಸಂಜೆ ತಮ್ಮ ಬಂದ. ಅವನ ಅಂಗಿಗೆ ಕುರಿಯ ವಾಸನೆ ಇತ್ತು, ಆಸ್ಪತ್ರೆಯ ವರಾಂಡದಲ್ಲಿ ಅದೊಂದೇ ನಮ್ಮದೆನ್ನುವ ವಾಸನೆ. ಮಗಳು ಬೆಂಚಿನ ತುದಿಯಲ್ಲಿ ನಿದ್ದೆ ಹೋಗಿದ್ದಳು. ನಾನು ಅವನಿಗೆ ಎಲ್ಲ ಹೇಳಿದೆ, ನವಿಲುಗಳನ್ನೂ ಸೇರಿಸಿ.

ಅವನು ಮಗಳ ಕಡೆ ನೋಡಿ ಹೇಳಿದ. "ಹನ್ನೊಂದ ಕಣ್ಣಿನಾಂವ ಬಂದಿದ್ರ ಕೂಸು ಹೆದರಿ ಅವ್ವನ ಬಗಲಾಗ ಹೋಗಿ ಕುಂದರ್ತಿತ್ತು. ನಾವು ಕುಂದರ್ತಿದ್ದಿಲ್ಲೇನ? ಈಗ ನೋಡು, ಅವ್ವಗ ಹೆದರಿ ಹೊರಗ ಕುಂತೇತಿ."

"ಆದ್ರ ಹೊಸಾ ಧಾರಾವಾಹಿ ನೋಡಿದ್ದಕ್ಕ ಅಲ್ಲೇನೋ ಮುಖಾ ಅಷ್ಟ ಬರೋಬರಿ ನೋಡಿದ್ದು? ಹೊತ್ತು ಹಿಡದದ್ದು?"

"ಖರೇ" ಅಂದ. "ಆದ್ರ ಕೂಸು ಧಾರಾವಾಹಿ ಮಾತಾಡಿತು ಅಂತನ ನಾವು ನಕ್ಕೀವಿ, ಅಕ್ಕಾ" ಅಂದ.

'ನಾವು' ಅಂದ. ಅವನು ನಕ್ಕಿರಲಿಲ್ಲ. ನನಗಾಗಿ ತನ್ನನ್ನೂ ಸೇರಿಸಿಕೊಂಡ.

ಅಂದಿನಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ. ಹಳೆಯ ಕಥೆಯನ್ನು ಹೊಸದಾಗಿ ಕಟ್ಟುವವರು ಅದನ್ನು ನಿಜದ ಹತ್ತಿರ ತರಲಿ, ಹಡಗನ್ನು ತರಲಿ, ಯಂತ್ರಗಳನ್ನು ತರಲಿ. ಆದರೆ ಬೇರೆ ಗ್ರಹದವನು ಬೇರೆಯವನ ಹಾಗೆಯೇ ಇರಲಿ. ಕೊರಳ ಸುತ್ತ ಕಣ್ಣಿರಲಿ, ಮೊಣಕಾಲಲ್ಲಿ ಬಾಯಿರಲಿ. ಅವನನ್ನು ನಂಬುವ ಅಗತ್ಯವೇ ಇರಲಿಲ್ಲ, ಅವನಿಗೆ ಹೆದರಿದರೆ ಸಾಕಿತ್ತು. ಹೆದರಿದವರಿಗೆ ಓಡಿಹೋಗಲು ಒಂದು ಮಡಿಲು ಉಳಿದಿರುತ್ತಿತ್ತು. ನಂಬುವಂಗ ಇರಬೇಕು ಎಂದು ನಾನೇ ಅಂದಿದ್ದೆ. ನನ್ನ ಮಗಳು ನಂಬಿದಳು.

ಅವ್ವ ಈಗ ಊರಲ್ಲಿ, ತಮ್ಮನ ಮನೆಯಲ್ಲಿದ್ದಾಳೆ. ಕೋಲು ಹಿಡಿದು ನಡೆಯುತ್ತಾಳೆ. ಮರಾಠಿ ಪೂರಾ ಹೋಗಿದೆ. ಕನ್ನಡದಲ್ಲಿ ದಿನಕ್ಕೆ ನಾಲ್ಕೈದು ಮಾತು ಬರುತ್ತವೆ. ನಾವು ರವಿವಾರ ಅಕ್ಕಲಕೋಟದ ಬಸ್ಸಿಗೆ ಹೋಗುತ್ತೇವೆ. ತಮ್ಮನ ಮನೆಯಲ್ಲಿ ಮಗಳು ಬಾಗಿಲ ಹತ್ತಿರವೇ ಕೂರುತ್ತಾಳೆ. ಅವ್ವ ಎಡಗೈಯಲ್ಲಿ ಶೇಂಗಾ ಕೊಟ್ಟರೆ ತೆಗೆದುಕೊಳ್ಳುತ್ತಾಳೆ, ತಿನ್ನುವುದಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳ ಕಿಸೆಯಲ್ಲಿ ಆ ಶೇಂಗಾ ಸಿಗುತ್ತವೆ.

ಹೋದ ರವಿವಾರ ತಮ್ಮ ಎಲ್ಲಿಂದಲೋ ಹಳೆಯ ಧಾರಾವಾಹಿಯನ್ನು ಹುಡುಕಿ ತೆಗೆದು, ಫೋನನ್ನು ತಂಬಿಗೆಗೆ ಆನಿಸಿ ಇಟ್ಟ. ಮಗಳು ಮೊದಲು ನಕ್ಕಳು. "ಮಾಮಾ, ಇಂವನ ಬೆನ್ನಾಗ ಹೊಲಿಗಿ ಕಾಣಾಕತ್ತೇತಿ!" ಆಮೇಲೆ ಅವನು ಮೊಣಕಾಲು ಮಡಿಚಿದ. ಮಗಳ ನಗು ನಿಂತಿತು. ಬಾಗಿಲ ಹತ್ತಿರದಿಂದ ಕುಂಡಿ ಸರಿಸುತ್ತ ಸರಿಸುತ್ತ ಒಳಗೆ ಬಂದಳು. ಬಂದದ್ದು ನನ್ನ ಕಡೆಗಲ್ಲ. ಅವ್ವನ ಎಡಗಡೆಗೆ, ನಗುವ ಬದಿಗೆ.

ಅವ್ವ ಫೋನನ್ನೇ ನೋಡುತ್ತಿದ್ದಳು. ತುಟಿ ಬಹಳ ಹೊತ್ತು ಅಲುಗಿತು.

"ಕಾಡಿಗಿ" ಅಂದಳು. ಮತ್ತೆ ತಡೆದು, "ಯಾರ... ಹಚ್ಚಬೇಕು" ಅಂದಳು.

ತಮ್ಮ ಎದ್ದು ಹೊರಗೆ ಹೋದ. ನಾನು ಮಗಳಿಗೆ ಹೇಳಿದೆ. "ಕೇಳಿದೇನ? ನಾವು ಸಣ್ಣಾವ್ರಿದ್ದಾಗ ಆಯಿ ಇದನ್ನ ಅಂತಿದ್ದಳು. ಅಕಿನೇ ಇಕಿ. ಬ್ಯಾರೆ ಯಾರಿಗೆ ಗೊತ್ತಿರ್ತದ?"

ಮಗಳು ಪರದೆಯಿಂದ ಕಣ್ಣು ತೆಗೆಯದೆ, ನನಗಷ್ಟೇ ಕೇಳುವ ಹಾಗೆ, ಹೇಳಿದಳು. "ಮಮ್ಮಿ, ಅವ್ರಿಗೂ ಎಲ್ಲಾ ನೆನಪ ಇರ್ತದ."

ಕಂತು ಇನ್ನೂ ಅರ್ಧ ಬಾಕಿ ಇತ್ತು. ಅವಳಿಗೂ ಅವ್ವನಿಗೂ ನಡುವೆ ಒಂದು ಗೇಣು ಜಾಗ ಇತ್ತು. ಹನ್ನೊಂದು ಕಣ್ಣಿನವನು ಎರಡನೆಯ ಸಲ ಮೊಣಕಾಲು ಮಡಿಚುತ್ತಾನೆಂದು ನನಗೆ ನೆನಪಿತ್ತು. ಆ ಗೇಣು ಜಾಗವನ್ನೇ ನೋಡುತ್ತ ಕಾಯುತ್ತ ಕೂತೆ.